ತಿದ್ದುವುದು ಬೇರೆ, ಕಲಿಸುವುದು ಬೇರೆ

ನಾನು ಯಂತ್ರಭಾಗಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಅಂದಾಜು ವಿಭಾಗದ ಮುಖ್ಯಸ್ಥನಾಗಿದ್ದ ಕಾಲದಲ್ಲಿ, ನನ್ನ ಕೈಕೆಳಗೆ ಎರಡೂವರೆ ವರ್ಷ ದುಡಿದ ಕಿರಿಯ ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟರು. ಕೊನೆಯ ದಿನ ಕಡತಗಳನ್ನೆಲ್ಲ ಒಪ್ಪಿಸಿ, ನನ್ನ ಕೋಣೆಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಸಂಬಳದ ಬಗ್ಗೆಯೋ ಬಡ್ತಿಯ ಬಗ್ಗೆಯೋ ಏನಾದರೂ ಹೇಳಬಹುದೆಂದು ನಾನು ಕಾದೆ. ಅವರು ಹೇಳಿದ್ದು ಇಷ್ಟು: “ಸರ್, ನಾನು ಬರೆದ ಕೊಟೇಶನ್‌ಗಳಲ್ಲಿ ನೀವು ತಿದ್ದದೆ ಕಳುಹಿಸಿದ್ದು ಒಂದೂ ಇಲ್ಲ. ನೀವು ತಿದ್ದಿದ ಮೇಲೆ ಅವು ಸರಿಯಾಗಿಯೇ ಇರುತ್ತಿದ್ದವು. ಆದರೆ ಏಕೆ ತಿದ್ದಿದಿರಿ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಅದಕ್ಕೇ ಇರಬೇಕು, ಆ ಮಾತು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಗ್ರಾಹಕರಿಗೆ ಬೆಲೆಯನ್ನೂ ಮಾಲು ಕೊಡುವ ದಿನಗಳನ್ನೂ ತಿಳಿಸುವ ಕೊಟೇಶನ್ ಬರೆಯುವುದು ಹೊರಗಿನಿಂದ ನೋಡುವವರಿಗೆ ಬರೀ ಲೆಕ್ಕದ ಕೆಲಸದಂತೆ ಕಾಣುತ್ತದೆ. ನಕ್ಷೆಯನ್ನು ಓದಿ, ಬೇಕಾದ ಲೋಹದ ತೂಕ ಹಾಕಿ, ಯಾವ ಯಂತ್ರದ ಮೇಲೆ ಎಷ್ಟು ಗಂಟೆ ಬೇಕೆಂದು ಗುಣಿಸಿ, ಮೇಲುವೆಚ್ಚವನ್ನೂ ಲಾಭಾಂಶವನ್ನೂ ಸೇರಿಸಿದರೆ ಒಂದು ಮೊತ್ತ ಬರುತ್ತದೆ. ಇಷ್ಟನ್ನು ಅವರು ಮೊದಲ ಮೂರು ತಿಂಗಳಲ್ಲೇ ಕಲಿತಿದ್ದರು. ಆದರೆ ಅವರು 18 ದಿನಗಳಲ್ಲಿ ಮಾಲು ಕೊಡಬಹುದೆಂದು ಬರೆದ ಕಡೆ ನಾನು 26 ದಿನ ಎಂದು ತಿದ್ದುತ್ತಿದ್ದೆ. ಆ ಗ್ರಾಹಕರು ಆರ್ಡರ್ ಕೊಟ್ಟ ಮೇಲೂ ನಕ್ಷೆಯನ್ನು ಎರಡು ಸಲವಾದರೂ ಬದಲಿಸುತ್ತಾರೆಂದು ನನಗೆ ಗೊತ್ತಿತ್ತು. ಇನ್ನೊಂದು ಕಡೆ, ಗೋಡೆ ತೆಳುವಾಗಿರುವ ಭಾಗ ಲೋಹವನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟಿನಲ್ಲಿ ಸೊಟ್ಟಗಾಗುತ್ತದೆಂದೂ ಹತ್ತರಲ್ಲಿ ಒಂದಾದರೂ ರಿಜೆಕ್ಟ್ ಆಗುತ್ತದೆಂದೂ ಬಲ್ಲ ನಾನು ಮೊತ್ತವನ್ನು ಏರಿಸುತ್ತಿದ್ದೆ. ಮತ್ತೊಂದು ಕಡೆ, ಆ ತಿಂಗಳು ದೊಡ್ಡ ಲೇತ್ ಯಂತ್ರ ಕೆಲಸವಿಲ್ಲದೆ ನಿಂತಿರುತ್ತದೆಂದು ತಿಳಿದು ಲಾಭಾಂಶವನ್ನು ಇಳಿಸುತ್ತಿದ್ದೆ. ಈ ಮೂರೂ ಕಾರಣಗಳು ನನ್ನ ತಲೆಯೊಳಗೇ ಉಳಿದವು. ಅವರ ಕಣ್ಣಿಗೆ ಬಿದ್ದದ್ದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಒಂದು ಅಂಕಿ, ಅದರ ಪಕ್ಕದಲ್ಲಿ ಬರೆದ ಇನ್ನೊಂದು ಅಂಕಿ, ಅಷ್ಟೇ. ಒಂದು ವಾರ ಏರಿದ್ದು ಮರುವಾರ ಇಳಿಯುವುದನ್ನು ಕಂಡವರಿಗೆ, ಎಲ್ಲವೂ ಮುಖ್ಯಸ್ಥರ ಮನಸ್ಸಿಗೆ ತೋಚಿದಂತೆ ನಡೆಯುತ್ತದೆ ಎನ್ನಿಸಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಆಗ ನಮ್ಮಲ್ಲಿ ತರಬೇತಿಗೆ ಕೊರತೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಮಾನವ ಸಂಪನ್ಮೂಲ ವಿಭಾಗದವರು ವರ್ಷಕ್ಕೆ ಎರಡು ಬಾರಿ ಹೊರಗಿನ ತಜ್ಞರನ್ನು ಕರೆಸುತ್ತಿದ್ದರು; ಸಂವಹನ ಕಲೆ, ಸಮಯಪಾಲನೆ, ತಂಡದ ಕೆಲಸ ಎಂಬ ಹೆಸರುಗಳಲ್ಲಿ ಇಡೀ ದಿನದ ಕಾರ್ಯಾಗಾರಗಳು ನಡೆಯುತ್ತಿದ್ದವು; ಪ್ರಮಾಣಪತ್ರಗಳೂ ಸಿಗುತ್ತಿದ್ದವು. ಆ ತಜ್ಞರಲ್ಲಿ ಕೆಲವರು ನಿಜಕ್ಕೂ ಒಳ್ಳೆಯ ಬೋಧಕರು. ಆದರೆ ತೆಳುಗೋಡೆಯ ಭಾಗ ಸೊಟ್ಟಗಾಗುತ್ತದೆಂದು ಅವರಿಗೆ ತಿಳಿಯುವ ಬಗೆ ಹೇಗೆ? ಯಾವ ಗ್ರಾಹಕರಿಗೆ ದಿನಗಳು ಮುಖ್ಯ, ಯಾವ ಗ್ರಾಹಕರಿಗೆ ಗುಣಮಟ್ಟ ಮುಖ್ಯ, ಯಾವ ಹಂತದಲ್ಲಿ ಆರ್ಡರನ್ನೇ ಬೇಡವೆನ್ನಬೇಕು ಎಂಬ ವಿವೇಚನೆ ಇರುವುದು ನಿತ್ಯ ಆ ನಿರ್ಧಾರಗಳನ್ನು ಮಾಡುವವರ ಬಳಿ. ಅವರು ಕಲಿಸದಿದ್ದರೆ ಅದನ್ನು ಕಲಿಸುವವರು ಆ ಸಂಸ್ಥೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ನಾನು ಇಷ್ಟು ವರ್ಷಗಳ ಮೇಲೆ ಗಟ್ಟಿಯಾಗಿ ಹೇಳಬಲ್ಲ ಮಾತು ಇದೊಂದೇ: ಉಪಕರಣ ಬಳಸುವುದನ್ನು ಯಾರಿಂದಲಾದರೂ ಕಲಿಸಬಹುದು, ತೀರ್ಮಾನಿಸುವುದನ್ನು ತೀರ್ಮಾನಿಸುವವರೇ ಕಲಿಸಬೇಕು.

ಇದನ್ನು ನನಗಿಂತ ಎಷ್ಟೋ ಮೊದಲೇ ಕಂಡುಕೊಂಡವರಿದ್ದಾರೆ. ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಸಂಸ್ಥೆಯನ್ನು ಬಹುಕಾಲ ಮುನ್ನಡೆಸಿದ ಆಂಡಿ ಗ್ರೋವ್ ತಮ್ಮ ಸಂಸ್ಥೆಯ ನೌಕರರಿಗೆ ತಾವೇ ಪಾಠ ಮಾಡುತ್ತಿದ್ದರು. 1983ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ಒಂದು ಸರಳ ಲೆಕ್ಕವನ್ನು ಮುಂದಿಟ್ಟರು. ಮ್ಯಾನೇಜರ್ ಒಬ್ಬರು ತಮ್ಮ ವಿಭಾಗದವರಿಗಾಗಿ ನಾಲ್ಕು ಉಪನ್ಯಾಸಗಳನ್ನು ಕೊಡುತ್ತಾರೆ ಎನ್ನೋಣ. ಒಂದೊಂದಕ್ಕೆ ಮೂರು ಗಂಟೆಯ ಸಿದ್ಧತೆ ಬೇಕೆಂದರೆ ಒಟ್ಟು 12 ಗಂಟೆ. ಕೇಳುವವರು ಹತ್ತು ಜನ. ಅವರೆಲ್ಲ ಸೇರಿ ಮುಂದಿನ ವರ್ಷದಲ್ಲಿ ಸುಮಾರು 20,000 ಗಂಟೆ ದುಡಿಯುತ್ತಾರೆ. ಆ ಪಾಠದಿಂದ ಅವರ ಕೆಲಸ ಶೇಕಡಾ ಒಂದರಷ್ಟು ಸುಧಾರಿಸಿದರೂ ಸಂಸ್ಥೆಗೆ 200 ಗಂಟೆಗಳ ದುಡಿಮೆ ದಕ್ಕಿದಂತಾಯಿತು. ‘ಕಲಿಸಲು ಸಮಯವೆಲ್ಲಿದೆ’ ಎಂಬ ನನ್ನ ಹಳೆಯ ಮಾತಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕಂಡಿಲ್ಲ. ನಾನು ಎರಡೂವರೆ ವರ್ಷಗಳಲ್ಲಿ ಒಬ್ಬರ ಕೊಟೇಶನ್‌ಗಳನ್ನು ತಿದ್ದಲು ವ್ಯಯಿಸಿದ ಗಂಟೆಗಳನ್ನು ಆಮೇಲೆ ಒಂದು ಸಂಜೆ ಕುಳಿತು ಲೆಕ್ಕ ಹಾಕಿದೆ. ದಿನಕ್ಕೆ ಅರ್ಧ ಗಂಟೆ ಎಂದು ಹಿಡಿದರೂ ಅದು 300 ಗಂಟೆಯನ್ನು ಮೀರುತ್ತಿತ್ತು. ಅಷ್ಟು ಸಮಯ ನನ್ನ ಬಳಿ ಇತ್ತು. ನಾನು ಅದನ್ನು ಬೇರೆ ರೀತಿಯಲ್ಲಿ ಕಳೆದಿದ್ದೆ.

ದೊಡ್ಡ ಸಂಸ್ಥೆಗಳ ಕಥೆಯನ್ನು ಹೇಳುವಾಗ ಜನರಲ್ ಎಲೆಕ್ಟ್ರಿಕ್‌ನ ಹೆಸರನ್ನು ಬಿಡುವಂತಿಲ್ಲ. ಆ ಸಂಸ್ಥೆ 1956ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ರೋಟನ್‌ವಿಲ್‌ನಲ್ಲಿ ತನ್ನದೇ ಆದ ವ್ಯವಸ್ಥಾಪಕರ ಶಾಲೆಯನ್ನು ತೆರೆಯಿತು. 1981ರಿಂದ 2001ರವರೆಗೆ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಷ್ ಅಲ್ಲಿಗೆ ಮತ್ತೆ ಮತ್ತೆ ಹೋಗಿ, ಎದುರಿಗಿದ್ದವರ ಪ್ರಶ್ನೆಗಳಿಗೆ ಗಂಟೆಗಟ್ಟಲೆ ಉತ್ತರಿಸುತ್ತಿದ್ದರು. ಪೆಪ್ಸಿಕೋದ ರೋಜರ್ ಎನ್ರಿಕೊ 1996ರಲ್ಲಿ ಆ ಸಂಸ್ಥೆಯ ಮುಖ್ಯಸ್ಥರಾಗುವ ಮೊದಲು, ಹಿರಿಯ ಅಧಿಕಾರಿಗಳ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳುವುದನ್ನೇ ತಮ್ಮ ಮುಖ್ಯ ಕೆಲಸವನ್ನಾಗಿ ಮಾಡಿಕೊಂಡಿದ್ದರು. ಅವರ ಕ್ರಮದಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಬಂದವರು ತಮ್ಮ ವಿಭಾಗದ ನಿಜವಾದ ಯೋಜನೆಯೊಂದನ್ನು ಜೊತೆಗೆ ತರಬೇಕಾಗಿತ್ತು, ಕೆಲವು ದಿನ ಅದರ ಮೇಲೆ ಚರ್ಚಿಸಿ, ಹಿಂದಿರುಗಿ ಹೋಗಿ ಅದನ್ನು ಮಾಡಿ ನೋಡಿ, ಮತ್ತೆ ಬಂದು ಏನಾಯಿತೆಂದು ಹೇಳಬೇಕಾಗಿತ್ತು.

ಆದರೆ ಜನರಲ್ ಎಲೆಕ್ಟ್ರಿಕ್‌ನ ಉದಾಹರಣೆಯನ್ನು ಕೈಮುಗಿದು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ. ಅದೇ ವೆಲ್ಷ್ ಅವರ ಕಾಲದಲ್ಲಿ ನೌಕರರನ್ನು ಮೇಲಿನ ಶೇಕಡಾ 20, ನಡುವಿನ 70, ಕೆಳಗಿನ 10 ಎಂದು ವಿಂಗಡಿಸಿ, ಕೆಳಗಿನವರನ್ನು ಹೊರಗೆ ಕಳುಹಿಸುವ ಪದ್ಧತಿಯೂ ಇತ್ತು. ಪಾಠ ಹೇಳುವ ಬಾಯಿಂದಲೇ ಹೊರಹಾಕುವ ಪಟ್ಟಿಯೂ ಬರುವುದಾದರೆ, ಎದುರಿಗೆ ಕುಳಿತವರು ತಮಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳುವುದು ಹೇಗೆ? ಒಂದು ಕಾಲಕ್ಕೆ ನಾಯಕರನ್ನು ರೂಪಿಸುವ ಗರಡಿಮನೆ ಎಂದು ಹೆಸರಾಗಿದ್ದ ಆ ಸಂಸ್ಥೆ 2024ರ ಹೊತ್ತಿಗೆ ಮೂರು ಬೇರೆ ಬೇರೆ ಕಂಪನಿಗಳಾಗಿ ಒಡೆದಿತ್ತು. ಅದಕ್ಕೆ ಕಾರಣಗಳು ಹಲವಿದ್ದವು, ಶಾಲೆಯ ಮೇಲೆ ಅದನ್ನು ಹೊರಿಸುವುದು ಅನ್ಯಾಯ. ಆದರೂ ದೊಡ್ಡ ಕಟ್ಟಡ ಮತ್ತು ಹೆಸರಾಂತ ಬೋಧಕರು ಇದ್ದ ಮಾತ್ರಕ್ಕೆ ಸಂಸ್ಥೆಯ ಬುದ್ಧಿ ಬೆಳೆಯುತ್ತಲೇ ಇರುತ್ತದೆ ಎಂಬ ನಂಬಿಕೆಯನ್ನು ನಾನು ಬಿಟ್ಟಿದ್ದೇನೆ.

ನಾನು ಹೆಚ್ಚು ಕಲಿತದ್ದು ಇದಕ್ಕಿಂತ ಹಳೆಯದಾದ, ಇದಕ್ಕಿಂತ ಸಣ್ಣದಾದ ಒಂದು ಪ್ರಯತ್ನದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಅನುಭವಸ್ಥರು ಸೈನ್ಯಕ್ಕೆ ಹೋಗಿ, ಯಂತ್ರವನ್ನೇ ಮುಟ್ಟದವರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು. ಅವರಿಗೆ ಕಲಿಸುವವರು ಯಾರು ಎಂಬ ಪ್ರಶ್ನೆ ಎದ್ದಾಗ, ಅಲ್ಲಿನ ಸರ್ಕಾರ 1940ರಲ್ಲಿ ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಕೆಲಸಗಾರರನ್ನು ಶಾಲೆಗೆ ಕರೆದೊಯ್ಯುವ ಬದಲು, ಅವರ ಮೇಲ್ವಿಚಾರಕರಿಗೆ ಕಲಿಸುವುದನ್ನು ಕಲಿಸಿದ್ದೇ ಅದರ ಹೆಚ್ಚುಗಾರಿಕೆ. ಎರಡೆರಡು ಗಂಟೆಯ ಐದು ಕೂಟಗಳು, ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕ ಒಂದು ಕಾರ್ಡು. ಇಷ್ಟೇ ಅದರ ಸರಂಜಾಮು. 1945ರಲ್ಲಿ ಅದು ಮುಗಿಯುವಷ್ಟರಲ್ಲಿ 16,000ಕ್ಕೂ ಹೆಚ್ಚು ಕಾರ್ಖಾನೆಗಳ 16 ಲಕ್ಷಕ್ಕೂ ಹೆಚ್ಚು ಜನ ಅದರ ತರಬೇತಿಗಳನ್ನು ಮುಗಿಸಿದ್ದರು.

ಆ ಕಾರ್ಡಿನ ಮೇಲೆ ನಾಲ್ಕು ಹಂತಗಳಿದ್ದವು. ಮೊದಲು ಕಲಿಯುವವರನ್ನು ಸಿದ್ಧಗೊಳಿಸಬೇಕು, ಎಂದರೆ ಅವರ ಅಂಜಿಕೆಯನ್ನು ಕಳೆದು, ಈಗಾಗಲೇ ಏನು ಗೊತ್ತಿದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಆಮೇಲೆ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ಮಾಡಿ ತೋರಿಸುತ್ತ, ಪ್ರತಿ ಹೆಜ್ಜೆಯ ಮುಖ್ಯ ಅಂಶವನ್ನು ಒತ್ತಿ ಹೇಳಬೇಕು. ಮೂರನೆಯದಾಗಿ ಅವರಿಂದಲೇ ಮಾಡಿಸಬೇಕು, ಮಾಡುತ್ತಲೇ ವಿವರಿಸುವಂತೆ ಕೇಳಬೇಕು. ಕೊನೆಗೆ ಅವರನ್ನು ಅವರ ಪಾಡಿಗೆ ಬಿಟ್ಟು, ಸಹಾಯ ಬೇಕಾದರೆ ಯಾರನ್ನು ಕೇಳಬೇಕೆಂದು ಹೇಳಿ, ಮೊದಮೊದಲು ಆಗಾಗ, ಬರಬರುತ್ತ ಅಪರೂಪವಾಗಿ ಹೋಗಿ ನೋಡಬೇಕು. ಈ ಹಂತಗಳ ಕೆಳಗೆ ಒಂದು ಮಾತಿತ್ತು: ಕೆಲಸಗಾರ ಕಲಿತಿಲ್ಲವೆಂದರೆ ಬೋಧಕ ಕಲಿಸಿಲ್ಲ. ಯುದ್ಧಾನಂತರ ಈ ಪದ್ಧತಿ ಜಪಾನಿಗೆ ಹೋಯಿತು. ಟೊಯೋಟಾ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡಿತು. ಇಂದು ಇದನ್ನು ಬಳಸುವ ಕಡೆಗಳಲ್ಲಿ ಕೆಲಸವನ್ನು ಬಿಡಿಸಿ ಬರೆಯುವ ಹಾಳೆಗೆ ಮೂರು ಕಲಂಗಳಿರುತ್ತವೆ: ಹೆಜ್ಜೆ, ಮುಖ್ಯ ಅಂಶ, ಕಾರಣ.

ಆ ಮೂರನೆಯ ಕಲಂ ಅನ್ನು ಮೊದಲ ಬಾರಿ ನೋಡಿದಾಗ ನನಗೆ ನೆನಪಾದದ್ದು ಕೆಲಸ ಬಿಟ್ಟು ಹೋದ ಸಹೋದ್ಯೋಗಿಯ ಮಾತು. ಸ್ಕ್ರೂ ಬಿಗಿಯುವ ಕೆಲಸಕ್ಕೂ ‘ಏಕೆ’ ಎಂಬುದನ್ನು ಬರೆದಿಡುವ ಜನರಿರುವಾಗ, ಇಡೀ ಸಂಸ್ಥೆಯ ಗಳಿಕೆ ನಿಂತಿರುವ ನಿರ್ಧಾರಗಳಿಗೆ ನಾನು ಒಂದು ಸಾಲಿನ ಕಾರಣವನ್ನೂ ಬರೆದಿರಲಿಲ್ಲ.

ಏಕೆ ಬರೆಯಲಿಲ್ಲ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ, ಸೋಮಾರಿತನ ಅದಕ್ಕೆ ಉತ್ತರವಲ್ಲ. ನನಗೆ ಆ ಕಾರಣಗಳು ಹೇಳುವಂಥವು ಎಂದೇ ಅನ್ನಿಸಿರಲಿಲ್ಲ. ನಕ್ಷೆ ನೋಡಿದ ಯಾರಿಗಾದರೂ ಅವು ಕಾಣುತ್ತವೆ ಎಂದುಕೊಂಡಿದ್ದೆ. 1990ರಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗವೊಂದು ಇದನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಒಬ್ಬರು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಎದುರಿಗಿರುವವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆಂದು ತಟ್ಟಿದವರು ನಂಬಿದ್ದರು. 120 ಹಾಡುಗಳಲ್ಲಿ ಕೇಳಿದವರು ಗುರುತಿಸಿದ್ದು ಮೂರನ್ನು ಮಾತ್ರ. ತಟ್ಟುವವರ ತಲೆಯೊಳಗೆ ಇಡೀ ಹಾಡು ಮೊಳಗುತ್ತಿರುತ್ತದೆ; ಕೇಳುವವರಿಗೆ ಕೇಳಿಸುವುದು ಟಕಟಕ ಸದ್ದು. ನನ್ನ ಕೆಂಪು ಶಾಯಿಯ ಅಂಕಿಗಳೂ ಅಂಥ ಸದ್ದೇ ಆಗಿದ್ದವು.

ಇನ್ನೂ ಎರಡು ಅಡ್ಡಿಗಳನ್ನು ನಾನು ಹಲವು ಸಂಸ್ಥೆಗಳಲ್ಲಿ ಕಂಡಿದ್ದೇನೆ. ಒಂದು, ತಿಳಿದದ್ದನ್ನೆಲ್ಲ ಹೇಳಿಕೊಟ್ಟರೆ ತಮ್ಮ ಅಗತ್ಯವೇ ಉಳಿಯುವುದಿಲ್ಲವೆಂಬ ಭಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕಡತವನ್ನು ಮೇಜಿನ ಒಳಗಿಟ್ಟು ಬೀಗ ಹಾಕುವ ರೀತಿಯಲ್ಲೇ ಅದು ತಿಳಿಯುತ್ತದೆ. ಆ ಭಯವಿರುವವರನ್ನು ಬೈದು ಪ್ರಯೋಜನವಿಲ್ಲ. ಕಲಿಸಿದವರನ್ನು ಸಂಸ್ಥೆ ಹೇಗೆ ನಡೆಸಿಕೊಂಡಿದೆ ಎಂಬುದನ್ನು ನೋಡಿಯೇ ಅವರು ಹಾಗಾಗಿರುತ್ತಾರೆ. ಇನ್ನೊಂದು, ಕಲಿತವರು ಬಿಟ್ಟುಹೋಗುತ್ತಾರೆಂಬ ಲೆಕ್ಕಾಚಾರ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಮಾನವ ಬಂಡವಾಳದ ಬಗ್ಗೆ ಬರೆಯುತ್ತ, ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ಸಾಮಾನ್ಯ ಕೌಶಲವನ್ನೂ ಒಂದೇ ಸಂಸ್ಥೆಯಲ್ಲಿ ಉಪಯೋಗಕ್ಕೆ ಬರುವ ವಿಶೇಷ ಕೌಶಲವನ್ನೂ ಬೇರ್ಪಡಿಸಿದರು. ಮೊದಲನೆಯದಕ್ಕೆ ಹಣ ಹಾಕಲು ಸಂಸ್ಥೆಗಳಿಗೆ ಕಾರಣ ಕಡಿಮೆ, ಎರಡನೆಯದಕ್ಕೆ ಹೆಚ್ಚು ಎಂಬುದು ಅವರ ವಾದದ ತಿರುಳು. ತರ್ಕ ಸರಿಯಾಗಿಯೇ ಇದೆ. ಆದರೆ ನಾನು ಹೇಳುತ್ತಿರುವ ವಿವೇಚನೆ ಬಹುಮಟ್ಟಿಗೆ ಎರಡನೆಯ ಜಾತಿಗೆ ಸೇರಿದ್ದು: ನಮ್ಮ ಗ್ರಾಹಕರು, ನಮ್ಮ ಯಂತ್ರಗಳು, ನಾವು ಹಿಂದೆ ಮಾಡಿದ ತಪ್ಪುಗಳು. ಅದನ್ನು ಕಲಿಸಲು ಹೆದರುವುದರಲ್ಲಿ ಲೆಕ್ಕದ ದೃಷ್ಟಿಯಿಂದಲೂ ಅರ್ಥವಿಲ್ಲ. ನನ್ನ ಅನುಭವದಲ್ಲಿ ಬಿಟ್ಟುಹೋದವರಲ್ಲಿ ಕಲಿತು ಹೋದವರಿಗಿಂತ, ಇಲ್ಲಿ ಇನ್ನು ಕಲಿಯುವುದಕ್ಕೆ ಏನೂ ಸಿಗುವುದಿಲ್ಲವೆಂದು ಹೋದವರೇ ಹೆಚ್ಚು.

ಆ ಸಹೋದ್ಯೋಗಿ ಹೋದ ಮರುವಾರದಿಂದ ನಾನು ಮೊದಲು ಬದಲಿಸಿದ್ದು ಕೆಂಪು ಪೆನ್ನಿನ ಅಭ್ಯಾಸವನ್ನು. ಕರಡನ್ನು ತಂದವರು ಅದರ ಜೊತೆಗೆ ಅರ್ಧ ಪುಟದ ಟಿಪ್ಪಣಿಯೊಂದನ್ನು ತರಬೇಕೆಂದು ಕೇಳಿಕೊಂಡೆ: ಈ ದಿನಗಳನ್ನು ಏಕೆ ಹಾಕಿದಿರಿ, ಯಾವ ಹಂತದಲ್ಲಿ ಅನುಮಾನವಿದೆ, ಏನು ತಪ್ಪಾದರೆ ಎಲ್ಲಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ನಾನೂ ಅವರ ಕರಡನ್ನು ನೋಡುವ ಮೊದಲು ನನ್ನ ಅಂದಾಜನ್ನು ಕಾರಣಸಮೇತ ಬೇರೆ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಆಮೇಲೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದುತ್ತಿದ್ದೆವು. ಮೊದಲ ಕೆಲವು ತಿಂಗಳು ಇದರಿಂದ ಕೆಲಸ ನಿಧಾನವಾಯಿತು, ಮಾರಾಟ ವಿಭಾಗದವರು ಎರಡು ಸಲ ದೂರಿದರು. ಆದರೆ ಒಂದು ವಿಷಯ ನನ್ನನ್ನು ಬೆರಗುಗೊಳಿಸಿತು. ನನ್ನ ಕಾರಣಗಳನ್ನು ಬರೆಯಲು ಕುಳಿತಾಗ ಅವುಗಳಲ್ಲಿ ಕೆಲವು ಕಾರಣಗಳೇ ಆಗಿರಲಿಲ್ಲ. ಒಬ್ಬ ಗ್ರಾಹಕರಿಗೆ ನಾನು ಯಾವಾಗಲೂ ಎಂಟು ದಿನ ಹೆಚ್ಚಿಗೆ ಹಾಕುತ್ತಿದ್ದೆ. ಏಕೆಂದು ಬರೆಯಲು ಹೋದರೆ, ಆರು ವರ್ಷಗಳ ಹಿಂದೆ ಅವರು ಕೊಟ್ಟ ತೊಂದರೆಯ ನೆನಪಿನ ಹೊರತು ಏನೂ ಸಿಗಲಿಲ್ಲ. ಆಗಿನ ಖರೀದಿ ಅಧಿಕಾರಿ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಕಲಿಸಲು ಕುಳಿತವರಿಗೆ ತಮ್ಮ ತಿಳಿವಳಿಕೆಯೇ ಮತ್ತೊಮ್ಮೆ ಪರೀಕ್ಷೆಗೆ ಒಳಗಾಗುತ್ತದೆ, ಮತ್ತು ಈ ಲಾಭವನ್ನು ಯಾವ ತರಬೇತಿ ವಿಭಾಗದ ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೆಯದಾಗಿ, ವಾರಕ್ಕೊಮ್ಮೆ ನಲವತ್ತು ನಿಮಿಷ ವಿಭಾಗದ ಏಳು ಮಂದಿಯೂ ಒಟ್ಟಿಗೆ ಕುಳಿತು ಮುಗಿದ ಕೆಲಸವೊಂದನ್ನು ಬಿಡಿಸಿ ನೋಡತೊಡಗಿದೆವು. ಸ್ಲೈಡುಗಳಿಲ್ಲ, ಹಳೆಯ ಕಡತ ಮಾತ್ರ. ಗೆದ್ದ ಆರ್ಡರ್‌ಗಳಿಂದ ಕಲಿಯುವುದು ಕಡಿಮೆ ಎಂಬುದು ಬೇಗನೆ ತಿಳಿಯಿತು, ಗೆದ್ದಾಗ ಎಲ್ಲರ ಕಾರಣಗಳೂ ಸರಿಯಾಗಿದ್ದಂತೆ ಕಾಣುತ್ತವೆ. ಹಾಗಾಗಿ ಸೋತವುಗಳನ್ನೂ, ಗೆದ್ದು ನಷ್ಟ ಅನುಭವಿಸಿದವುಗಳನ್ನೂ ಆರಿಸಿಕೊಂಡೆವು. ಮೊದಲ ನಾಲ್ಕು ವಾರ ಮಾತೇ ಹೊರಡಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನು ಹೇಳಿದ್ದಕ್ಕೆ ತಲೆದೂಗುತ್ತಿದ್ದರು.

ಐದನೆಯ ವಾರ ನನ್ನದೇ ಒಂದು ಕಡತವನ್ನು ತೆಗೆದುಕೊಂಡು ಹೋದೆ. ಹಲವು ವರ್ಷಗಳ ಹಿಂದೆ ನಾನು ಒಂದು ದೊಡ್ಡ ಆರ್ಡರ್‌ಗೆ ಅಂದಾಜು ಹಾಕುವಾಗ ನಕ್ಷೆಯ ಮೂಲೆಯಲ್ಲಿದ್ದ ಮೇಲ್ಮೈ ನಯದ ಟಿಪ್ಪಣಿಯನ್ನು ಓದದೆ ಬಿಟ್ಟಿದ್ದೆ. ಆ ನಯಕ್ಕೆ ಬೇಕಾದ ಗ್ರೈಂಡಿಂಗ್ ಕೆಲಸ ಲೆಕ್ಕಕ್ಕೇ ಬಂದಿರಲಿಲ್ಲ, ಆ ಆರ್ಡರನ್ನು ನಷ್ಟದಲ್ಲೇ ಮುಗಿಸಬೇಕಾಯಿತು. ಅಂದು ರಾತ್ರಿ ಎಷ್ಟು ಹೊತ್ತಾಗಿತ್ತು, ನಾನು ಯಾರನ್ನೂ ಕೇಳದೆ ಏಕೆ ಕಳುಹಿಸಿದೆ, ಗೊತ್ತಾದ ಮೇಲೆ ಮೂರು ದಿನ ಅದನ್ನು ಯಾರಿಗೂ ಹೇಳದೆ ಹೇಗೆ ಒದ್ದಾಡಿದೆ ಎಂಬುದನ್ನೆಲ್ಲ ಬಿಡಿಸಿ ಹೇಳಿದೆ. ಹೇಳಿ ಮುಗಿಸಿದಾಗ ಕೋಣೆಯಲ್ಲಿ ಕ್ಷಣಕಾಲ ಮೌನವಿತ್ತು. ಆಮೇಲೆ ವಿಭಾಗದ ಅತ್ಯಂತ ಕಿರಿಯರು, ಆ ವಾರ ತಾವು ಕಳುಹಿಸಿದ ಒಂದು ಕೊಟೇಶನ್‌ನಲ್ಲಿ ಪ್ಯಾಕಿಂಗ್ ವೆಚ್ಚ ಬಿಟ್ಟುಹೋಗಿದೆಯೋ ಏನೋ ಎಂಬ ಅನುಮಾನವಿದೆ ಎಂದರು. ತೆಗೆದು ನೋಡಿದೆವು, ಬಿಟ್ಟುಹೋಗಿತ್ತು. ಗ್ರಾಹಕರು ಒಪ್ಪುವ ಮೊದಲೇ ಸರಿಪಡಿಸಿದೆವು. ಆಸ್ಪತ್ರೆಗಳಲ್ಲಿ ಔಷಧ ನೀಡುವಾಗಿನ ತಪ್ಪುಗಳನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಏಮಿ ಎಡ್ಮಂಡ್‌ಸನ್, ಚೆನ್ನಾಗಿ ನಡೆಯುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿರುವುದನ್ನು ಕಂಡು ಮೊದಲು ಅಚ್ಚರಿಪಟ್ಟರು. ಆ ತಂಡಗಳವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು ಎಂಬ ವಿವರಣೆಗೆ ಅವರು ಬಂದದ್ದು ಆಮೇಲೆ. ನಮ್ಮ ಏಳು ಜನರ ಕೋಣೆಯಲ್ಲಿ ಅಂದು ನಡೆದದ್ದು ಅದೇ ಎಂದು ನಾನು ತಿಳಿದಿದ್ದೇನೆ.

ಕಲಿಸುವ ರೀತಿಯ ಬಗ್ಗೆ ನನ್ನ ಅಭಿಪ್ರಾಯಗಳು ಕಾಲಕ್ರಮೇಣ ಬದಲಾಗಿವೆ. ಒಂದು ಹಂತದಲ್ಲಿ ನಾನು ಯಾವ ಉತ್ತರವನ್ನೂ ಕೊಡದೆ ಪ್ರಶ್ನೆಗಳನ್ನೇ ಕೇಳುವ ಅಭ್ಯಾಸಕ್ಕೆ ಬಿದ್ದೆ. ಟೊಯೋಟಾದ ತಾಯಿಚಿ ಓನೊ ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತವೊಂದನ್ನು ಬರೆದು, ಅದರೊಳಗೆ ಎಂಜಿನಿಯರನ್ನು ಗಂಟೆಗಟ್ಟಲೆ ನಿಲ್ಲಿಸಿ, ಏನು ಕಾಣುತ್ತದೆ ಎಂದು ಮತ್ತೆ ಮತ್ತೆ ಬಂದು ಕೇಳುತ್ತಿದ್ದರೆಂಬ ಸಂಗತಿಯನ್ನು ಓದಿ ಪ್ರಭಾವಿತನಾಗಿದ್ದೆ. ಕಣ್ಣಿಗೆ ಕಾಣುವ ಕೆಲಸದ ಎದುರು ನಿಲ್ಲಿಸಿ ಕೇಳುವುದಕ್ಕೆ ಅದರದೇ ಬೆಲೆಯಿದೆ. ಆದರೆ ನೋಡಿ ತಿಳಿಯಲಾಗದ ಸಂಗತಿಯ ಬಗ್ಗೆ, ಉದಾಹರಣೆಗೆ ಗ್ರಾಹಕರೊಬ್ಬರ ಹಳೆಯ ನಡವಳಿಕೆಯ ಬಗ್ಗೆ, ಉತ್ತರವನ್ನು ಕೈಯಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತ ಹೋಗುವುದು ಎದುರಿಗಿದ್ದವರನ್ನು ಗೋಳು ಹೊಯ್ದುಕೊಂಡಂತೆ. ಹೊಸಬರಿಗೆ ಮೊದಲು ಹೇಳಬೇಕು, ತೋರಿಸಬೇಕು. ಕೆಲಸ ಕೈಗೆ ಹತ್ತಿದ ಮೇಲೆ ಕೇಳಬೇಕು. ಈ ಸರದಿಯನ್ನು ತಿರುವುಮುರುವು ಮಾಡಿ ನಾನು ಇಬ್ಬರು ಒಳ್ಳೆಯ ಹೊಸಬರನ್ನು ಅನಗತ್ಯವಾಗಿ ಕುಗ್ಗಿಸಿದ್ದೇನೆ ಎಂಬ ನೋವು ನನಗಿದೆ.

ಇನ್ನೂ ಕಷ್ಟವಾದದ್ದು ಕೈಬಿಡುವುದು. ನಾಲ್ಕನೆಯ ಹಂತವೆಂದು ಆ ಕಾರ್ಡಿನಲ್ಲಿ ಇದ್ದುದನ್ನು ಓದುವುದು ಸುಲಭ. ತಪ್ಪಾಗಬಹುದೆಂದು ಗೊತ್ತಿದ್ದೂ ಒಬ್ಬರ ಸಹಿಯಿಂದಲೇ ಪತ್ರ ಹೋಗಲು ಬಿಡುವುದು ಸುಲಭವಲ್ಲ. ನಾನು ಕಂಡುಕೊಂಡ ದಾರಿಯೆಂದರೆ ತಪ್ಪುಗಳನ್ನು ಎರಡು ಬಗೆಯಾಗಿ ನೋಡುವುದು. ಮರುದಿನ ಫೋನ್ ಮಾಡಿ ಸರಿಪಡಿಸಬಹುದಾದ ತಪ್ಪಾಗಿದ್ದರೆ ನಾನು ಅಡ್ಡ ಬರುತ್ತಿರಲಿಲ್ಲ. ಕಾಣಿಸಿದರೂ ಸುಮ್ಮನಿದ್ದು, ಅವರಿಗೇ ಕಾಣುವವರೆಗೆ ಕಾಯುತ್ತಿದ್ದೆ. ಸಂಸ್ಥೆಯ ಹೆಸರನ್ನೋ ಯಾರದಾದರೂ ಕೈಕಾಲನ್ನೋ ಅಪಾಯಕ್ಕೆ ಒಡ್ಡುವ ತಪ್ಪಾಗಿದ್ದರೆ ತಕ್ಷಣ ತಡೆಯುತ್ತಿದ್ದೆ, ತಡೆದ ದಿನವೇ ಕಾರಣವನ್ನೂ ಹೇಳುತ್ತಿದ್ದೆ. ನಡುವೆ ಬರುವಂಥವು ಬಹಳ ಇವೆ. ಅವುಗಳಲ್ಲಿ ನಾನು ಈಗಲೂ ಅವಸರಪಟ್ಟು ಕೈ ಹಾಕುತ್ತೇನೆ.

ಇಂಥ ಕಲಿಕೆಯನ್ನು ಅಳೆಯುವುದು ಹೇಗೆಂದು ಮೇಲಿನವರು ಕೇಳುತ್ತಾರೆ, ಕೇಳುವುದು ನ್ಯಾಯವೇ. ಕಾರ್ಯಾಗಾರದ ಕೊನೆಗೆ ಹಂಚುವ ಅಭಿಪ್ರಾಯದ ನಮೂನೆಯಿಂದ ತಿಳಿಯುವುದು ಬಂದವರಿಗೆ ಅದು ಹಿಡಿಸಿತೇ ಎಂಬುದಷ್ಟೇ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯುವ ಕೆಲಸವನ್ನು ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ ಎಂದು ನಾಲ್ಕಾಗಿ ವಿಂಗಡಿಸಿದ್ದರು. ಹೆಚ್ಚಿನ ಕಡೆ ಅಳತೆ ಮೊದಲನೆಯದರಲ್ಲೇ ನಿಲ್ಲುತ್ತದೆ. ನಾನು ಇಟ್ಟುಕೊಂಡಿದ್ದ ಅಳತೆ ಬಹಳ ಸರಳ: ನಾನು ರಜೆಯಲ್ಲಿದ್ದಾಗ ನನಗಾಗಿ ಕಾದು ನಿಂತ ಕಡತಗಳು ಎಷ್ಟು? ಮೊದಲ ವರ್ಷ ಎರಡು ವಾರಗಳ ರಜೆಯಿಂದ ಹಿಂದಿರುಗಿದಾಗ ಮೇಜಿನ ಮೇಲೆ 31 ಕಡತಗಳಿದ್ದವು. ಮೂರನೆಯ ವರ್ಷ ನಾಲ್ಕಿದ್ದವು; ಆ ನಾಲ್ಕೂ ನಿಜವಾಗಿ ನಾನೇ ನೋಡಬೇಕಾಗಿದ್ದಂಥವು.

ಆ ಮೂರನೆಯ ವರ್ಷದ ರಜೆಯ ಬಳಿಕ ಒಂದು ಕೊಟೇಶನ್ ವಿಷಯದಲ್ಲಿ ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರಿಗೂ ನನಗೂ ಭಿನ್ನಾಭಿಪ್ರಾಯ ಬಂತು. ನಾನು 30 ದಿನ ಎಂದು ಬರೆದಿದ್ದೆ, ಅವರು 22 ಎಂದು ಬರೆದಿದ್ದರು. ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕುಳಿತೆವು. “ಸರ್, ನೀವು ಹೀಟ್ ಟ್ರೀಟ್‌ಮೆಂಟಿಗೆ ಒಂದು ವಾರ ಹೆಚ್ಚು ಹಿಡಿದಿದ್ದೀರಿ. ಹೋದ ತಿಂಗಳಿಂದ ನಾವು ಈ ಭಾಗವನ್ನು ಫಿಕ್ಸ್ಚರಿನಲ್ಲಿ ಹಿಡಿದು ಕಳುಹಿಸುತ್ತಿದ್ದೇವೆ, ಸೊಟ್ಟಗಾಗುವುದು ನಿಂತಿದೆ. ರಿಜಿಸ್ಟರ್ ತಂದಿದ್ದೇನೆ, ನೋಡಿ” ಎಂದು ಅವರು ಪುಟವನ್ನು ತಿರುಗಿಸಿ ನನ್ನ ಮುಂದಿಟ್ಟರು. ನಾನು ನೋಡಿದೆ. ನನ್ನ ಹಾಳೆಯಲ್ಲಿದ್ದ 30ನ್ನು ನಾನೇ ಹೊಡೆದು, ಪಕ್ಕದಲ್ಲಿ 22 ಎಂದು ಬರೆದು, ಅದರ ಕೆಳಗೆ ಅವರು ಹೇಳಿದ ಕಾರಣವನ್ನು ಬರೆದೆ. ಅವರ ಸಹಿಯೊಂದಿಗೆ ಆ ಕೊಟೇಶನ್ ಅಂದು ಸಂಜೆಯೇ ಹೋಯಿತು.